ಉಬುಂಟು + ಆರ್‌ಟಿಎಲ್-ಎಸ್‌ಡಿಆರ್ ವಿ4: ಡಾಂಗಲ್ ಕಾಣ್ತದೆ, ಸ್ಟೇಷನ್ ಬರ್ತಿಲ್ಲ

ಕುಂದವಾಡ_ಕೆರೆ

ದಾವಣಗೆರೆಯಿಂದ ಕೇಳ್ತಿದೀನಿ. ಯುಎಸ್‌ಬಿ ಡಾಂಗಲ್ ಹಾಕಿ ಲ್ಯಾಪ್‌ಟಾಪನ್ನೇ ರೇಡಿಯೋ (ಎಸ್‌ಡಿಆರ್) ಮಾಡೋಕೆ ಹೊರಟಿದೀನಿ. ಲ್ಯಾಪ್‌ಟಾಪಲ್ಲಿ ಉಬುಂಟು 22.04, ಡಾಂಗಲ್ ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್ ವಿ4, ಅದರ ಡಬ್ಬಿಯಲ್ಲೇ ಬಂದ ಎರಡು ಕೈಯ ಡೈಪೋಲ್ ಆಂಟೆನಾ. ಆರ್‌ಟಿಎಲ್-ಎಸ್‌ಡಿಆರ್ ಪ್ಯಾಕೇಜ್, ರೇಡಿಯೋ ಕೇಳೋ ಆಪ್ ಜಿಕ್ಯೂಆರ್‌ಎಕ್ಸ್ ಎರಡನ್ನೂ ಆಪ್ಟ್‌ನಿಂದ ಹಾಕಿದೆ.

ಆರ್‌ಟಿಎಲ್_ಟೆಸ್ಟ್ ಕೊಟ್ಟರೆ "ಯುಎಸ್‌ಬಿ_ಕ್ಲೇಮ್_ಇಂಟರ್‌ಫೇಸ್ ಎರರ್ -6" ಅಂತ ನಿಲ್ತಿತ್ತು. ಕರ್ನಲ್ ಮಾಡ್ಯೂಲ್ ತೆಗೆದ ಮೇಲೆ ಆ ಎರರ್ ಹೋಯ್ತು. ಈಗ ಡಾಂಗಲ್ ತೆರೀತದೆ, ಆದ್ರೆ "ಪಿಎಲ್‌ಎಲ್ ನಾಟ್ ಲಾಕ್ಡ್" ಅಂತ ಸಾಲು ಸಾಲಾಗಿ ಬರ್ತದೆ. ಜಿಕ್ಯೂಆರ್‌ಎಕ್ಸ್ ವಾಟರ್‌ಫಾಲ್ (ಸಿಗ್ನಲ್‌ಗಳ ಹರಿಯೋ ಚಿತ್ರ) ಓಡ್ತದೆ, ಚಿತ್ರದುರ್ಗ ಆಕಾಶವಾಣಿ 102.6ಕ್ಕೆ ಇಟ್ಟರೆ ಬರೀ ಸುಯ್ ಅನ್ನೋ ಸದ್ದು. ರೀಸ್ಟಾರ್ಟ್ ಮಾಡಿದ್ರೆ ಮತ್ತೆ -6. ಉಬುಂಟು ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕಾ? ಅಥವಾ ಡಾಂಗಲ್ಲೇ ಕೆಟ್ಟಿದೆಯಾ?

ಜೋಗಿಮಟ್ಟಿ

ಉಬುಂಟು ಅಳಿಸೋದೂ ಬೇಡ, ಡಾಂಗಲ್ ವಾಪಸ್ ಕಳಿಸೋದೂ ಬೇಡ. ನಿಮ್ಮ ಹತ್ರ ಎರಡು ಬೇರೆ ಬೇರೆ ತೊಂದರೆ ಒಂದರ ಮೇಲೊಂದು ಕೂತಿವೆ: -6 ಕರ್ನಲ್‌ಗೆ ಸೇರಿದ್ದು, ಪಿಎಲ್‌ಎಲ್ ಸಾಲು (ಟ್ಯೂನರ್ ಆವರ್ತನಕ್ಕೆ ಕಚ್ಚಿಕೊಂಡಿಲ್ಲ ಅನ್ನೋದು) ಲೈಬ್ರರಿಗೆ ಸೇರಿದ್ದು. ಎಲ್ಲಾ ಕಿತ್ತು ಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದ್ರೆ ಎರಡೂ ಹಾಗೇ ವಾಪಸ್ ಬರ್ತವೆ.

ಎಸ್‌ಡಿಆರ್ ಅನ್ನೋದು ಲಿನಕ್ಸಲ್ಲಿ ಐದು ಮೆಟ್ಟಿಲು: ಯುಎಸ್‌ಬಿ, ಕರ್ನಲ್ ಡ್ರೈವರ್, ಅನುಮತಿ, ಲೈಬ್ರರಿ, ಕೊನೆಗೆ ಆಪ್. ಕೆಳಗಿನದು ಸರಿ ಇದೆ ಅಂತ ಖಾತ್ರಿ ಆಗೋವರೆಗೆ ಮೇಲಿನದನ್ನ ಮುಟ್ಟಬಾರದು. ಜಿಕ್ಯೂಆರ್‌ಎಕ್ಸ್ ತೆರೆದು ಗುಂಡಿ ಒತ್ತುತ್ತಾ ಕೂತರೆ ಏನೂ ಗೊತ್ತಾಗಲ್ಲ, ಯಾಕಂದ್ರೆ ಕೆಳಗಿನ ನಾಲ್ಕರಲ್ಲಿ ಯಾವುದು ಮುರಿದಿದೆ ಅಂತ ಅದು ತೋರಿಸಲ್ಲ.

(ಆದೇಶಗಳನ್ನ ಉಚ್ಚಾರಣೆ ಪ್ರಕಾರ ಕನ್ನಡದಲ್ಲಿ ಬರೀತಿದೀನಿ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಅಡ್ಡಗೆರೆ, ಅಂಡರ್‌ಸ್ಕೋರ್ ಇದ್ದಲ್ಲೇ ಇರಲಿ.)

ಮೊದಲ ಮೆಟ್ಟಿಲು. ಎಲ್‌ಎಸ್‌ಯುಎಸ್‌ಬಿ ಕೊಡಿ. ರಿಯಲ್‌ಟೆಕ್ ಹೆಸರಲ್ಲಿ 0ಬಿಡಿಎ:2838 ಅನ್ನೋ ಸಾಲು ಇರಬೇಕು. ಇಲ್ಲದಿದ್ರೆ ಸಾಫ್ಟ್‌ವೇರ್ ಕಡೆ ನೋಡೋದೇ ವ್ಯರ್ಥ. ಸುಡೋ (ಅಡ್ಮಿನ್ ಅಧಿಕಾರ) ಡಿಮೆಸ್‌ಜಿ -ಡಬ್ಲ್ಯೂ ಓಡಿಸಿಟ್ಟು, ಅಂದ್ರೆ ಕರ್ನಲ್ ಸಂದೇಶಗಳು ಕಾಣೋ ಹಾಗೆ ಮಾಡಿ, ಡಾಂಗಲ್ ಕಿತ್ತು ಮತ್ತೆ ಚುಚ್ಚಿ. "ಡಿವೈಸ್ ಡಿಸ್ಕ್ರಿಪ್ಟರ್ ರೀಡ್, ಎರರ್ -71" ಅಥವಾ "-110" ಬಂದ್ರೆ ಕೇಬಲ್, ಹಬ್ ಇಲ್ಲವೇ ಪೋರ್ಟ್ ಸರಿ ಇಲ್ಲ. ಡಾಂಗಲ್ ಸುಮಾರು 250–300 ಮಿಲಿಆಂಪಿಯರ್ ಎಳೀತದೆ. ಯುಎಸ್‌ಬಿ 2.0 ಪೋರ್ಟ್ ಕೊಡೋದು 500. ಅಡಾಪ್ಟರ್ ಇಲ್ಲದ ಅಗ್ಗದ ಹಬ್‌ಗೆ ಮೌಸು, ಪೆನ್‌ಡ್ರೈವು, ಡಾಂಗಲ್ ಮೂರೂ ಹಾಕಿದ್ರೆ ಸಾಕಾಗಲ್ಲ. ನಿಮ್ಮದು ಈ ಮೆಟ್ಟಿಲು ದಾಟಿದೆ.

ಎರಡನೇ ಮೆಟ್ಟಿಲಲ್ಲಿ ನಿಮ್ಮ ಮೊದಲ ತೊಂದರೆ ಇದೆ. ಈ ಆರ್‌ಟಿಎಲ್2832ಯು ಚಿಪ್ ಹುಟ್ಟಿದ್ದು ಡಿಜಿಟಲ್ ಟಿವಿ ನೋಡೋದಕ್ಕೆ. ಅದಕ್ಕೇ ಕರ್ನಲ್ ಅದನ್ನ ನೋಡಿದ ಕೂಡಲೇ ಟಿವಿ ಡ್ರೈವರ್ ಹಾಕಿ ಹಿಡಿದುಕೊಳ್ತದೆ. ಡಿಮೆಸ್‌ಜಿಯಲ್ಲಿ "ರಿಯಲ್‌ಟೆಕ್ ಆರ್‌ಟಿಎಲ್2832ಯು ರೆಫರೆನ್ಸ್ ಡಿಸೈನ್... ಇನ್ ವಾರ್ಮ್ ಸ್ಟೇಟ್" ಅಂತ ಕಂಡ್ರೆ ಇದೇ. ನೀವು ಮಾಡ್ಯೂಲ್ ತೆಗೆದದ್ದು (ಆರ್‌ಎಂಮಾಡ್ ಆದೇಶ) ಆ ಹೊತ್ತಿಗೆ ಮಾತ್ರ. ಡಾಂಗಲ್ ಮತ್ತೆ ಚುಚ್ಚಿದ್ರೂ ರೀಸ್ಟಾರ್ಟ್ ಆದ್ರೂ ಕರ್ನಲ್ ಅದನ್ನ ಮತ್ತೆ ಕರೀತದೆ. ಶಾಶ್ವತವಾಗಿ ತಡೀಬೇಕಂದ್ರೆ /ಇಟಿಸಿ/ಮಾಡ್‌ಪ್ರೋಬ್.ಡಿ/ ಒಳಗೆ .ಕಾನ್ಫ್ ಅಂತ ಕೊನೆಯಾಗೋ ಒಂದು ಹೊಸ ಫೈಲ್ ಮಾಡಿ ಈ ಒಂದು ಸಾಲು ಹಾಕಿ:

ಬ್ಲ್ಯಾಕ್‌ಲಿಸ್ಟ್ ಡಿವಿಬಿ_ಯುಎಸ್‌ಬಿ_ಆರ್‌ಟಿಎಲ್28ಎಕ್ಸ್‌ಎಕ್ಸ್‌ಯು

ಆಮೇಲೆ ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು ಕೊಟ್ಟು ರೀಸ್ಟಾರ್ಟ್. ವಾಪಸ್ ಬಂದ ಮೇಲೆ ಎಲ್‌ಎಸ್‌ಮಾಡ್ ತೋರಿಸೋ ಮಾಡ್ಯೂಲ್ ಪಟ್ಟಿಯಲ್ಲಿ ಆ ಹೆಸರು ಇರಬಾರದು. ಫೈಲ್ ಹೆಸರಿನ ಕೊನೆಗೆ .ಕಾನ್ಫ್ ಇಲ್ಲದಿದ್ರೆ ಸಿಸ್ಟಮ್ ಅದನ್ನ ಓದೋದೇ ಇಲ್ಲ, ಎರರ್ ಕೂಡ ಕೊಡಲ್ಲ.

ಮೂರು ಮತ್ತು ನಾಲ್ಕನೇ ಮೆಟ್ಟಿಲು ಆಮೇಲೆ ನೋಡೋಣ. ಇದನ್ನ ಮೊದಲು ಮುಗಿಸಿ.

ಎಂಸಿಸಿ_ಬ್ಲಾಕ್

ಜೋಗಿಮಟ್ಟಿ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. -6 ಅಂದ್ರೆ ಲಿಬ್‌ಯುಎಸ್‌ಬಿ (ಆಪ್‌ಗಳು ಯುಎಸ್‌ಬಿ ಸಾಧನದ ಜೊತೆ ಮಾತಾಡೋ ಲೈಬ್ರರಿ) ಭಾಷೆಯಲ್ಲಿ "ಬೇರೆಯವರ ಕೈಲಿದೆ" ಅಂತ ಅಷ್ಟೇ. ಹಿಡಿದಿರೋದು ಕರ್ನಲ್ಲೇ ಆಗಬೇಕಂತಿಲ್ಲ. ಹಿಂದೆ ತೆರೆದ ಜಿಕ್ಯೂಆರ್‌ಎಕ್ಸ್ ಪೂರ್ತಿ ಮುಚ್ಚದೆ ಹಿನ್ನೆಲೆಯಲ್ಲಿ ಉಳಿದಿರಬಹುದು. ವಿಮಾನ ನೋಡೋ ಡಂಪ್1090 ಅಥವಾ ರೀಡ್‌ಎಸ್‌ಬಿ ಸರ್ವಿಸ್ ಆಗಿ ಕೂತಿದ್ರೆ ಸಿಸ್ಟಮ್ ಶುರುವಾದಾಗಲೇ ಡಾಂಗಲ್ ಎತ್ಕೊಳ್ತದೆ. ಬ್ಲ್ಯಾಕ್‌ಲಿಸ್ಟ್ ಹಾಕಿದ ಮೇಲೂ -6 ಬಂದ್ರೆ ಸಿಸ್ಟಮ್‌ಸಿಟಿಎಲ್‌ನಿಂದ ಆ ಸರ್ವಿಸ್ ನಿಲ್ಲಿಸಿ ನೋಡಿ.

ಉಳಿದ ಅಂಕಿಗಳೂ ನೆನಪಲ್ಲಿರಲಿ. -3 ಅಂದ್ರೆ ಅನುಮತಿ ಇಲ್ಲ. -4 ಅಂದ್ರೆ ಸಾಧನ ಇಲ್ಲ, ಸಾಮಾನ್ಯವಾಗಿ ನಡುವೆ ಸಂಪರ್ಕ ಕಡಿದಿದೆ. -1 ಬಂದ್ರೆ ಕೇಬಲ್ ಮೇಲೆ ಅನುಮಾನ ಪಡಿ. ಎರರ್ ಸಂಖ್ಯೆ ಹೇಳದೆ "ವರ್ಕ್ ಆಗ್ತಿಲ್ಲ" ಅಂದ್ರೆ ಯಾರಿಗೂ ಸಹಾಯ ಮಾಡಕ್ಕಾಗಲ್ಲ. ನೀವು ಸಂಖ್ಯೆ ಹಾಕಿದ್ದು ಒಳ್ಳೆಯದಾಯ್ತು.

ಸೋರ್ಸ್‌ನಿಂದ ಬಿಲ್ಡ್ ಮಾಡೋರು ಸಿಮೇಕ್‌ಗೆ ಡಿಟ್ಯಾಚ್_ಕರ್ನಲ್_ಡ್ರೈವರ್=ಆನ್ (ಎಲ್ಲಾ ದೊಡ್ಡಕ್ಷರ) ಅಂತ ಕೊಟ್ಟರೆ ಬ್ಲ್ಯಾಕ್‌ಲಿಸ್ಟೇ ಬೇಡ. ತೆರೆಯುವಾಗ ಲೈಬ್ರರಿಯೇ ಕರ್ನಲ್ ಕೈಯಿಂದ ಡಾಂಗಲ್ ಬಿಡಿಸ್ಕೊಳ್ತದೆ. ನನಗೆ ಅದೇ ಹೆಚ್ಚು ಶುಭ್ರ ಅನಿಸ್ತದೆ.

ಜೋಗಿಮಟ್ಟಿ

ಅದರಲ್ಲಿ ಒಂದು ತೊಡಕಿದೆ. ಆ ಆಯ್ಕೆ ಹಾಕಿ ಬಿಲ್ಡ್ ಮಾಡಿದ ಲೈಬ್ರರಿ ಬಳಸೋ ಆಪ್‌ಗಳಿಗೆ ಮಾತ್ರ ಅದು ಅನ್ವಯ. ತನ್ನದೇ ಲೈಬ್ರರಿ ಹೊತ್ತು ತರೋ ಆಪ್ ಬಂದ ದಿನ ಮತ್ತೆ -6. ಆ ಡಾಂಗಲ್‌ನಲ್ಲಿ ಟಿವಿ ನೋಡೋರು ನಮ್ಮಲ್ಲಿ ಯಾರೂ ಇಲ್ಲವಲ್ಲ. ಬ್ಲ್ಯಾಕ್‌ಲಿಸ್ಟೇ ಗಟ್ಟಿ ದಾರಿ.

ಕುಂದವಾಡ_ಕೆರೆ

ಬ್ಲ್ಯಾಕ್‌ಲಿಸ್ಟ್ ಹಾಕಿದೆ. ರೀಸ್ಟಾರ್ಟ್ ಆದ ಮೇಲೂ -6 ಇಲ್ಲ, ಎಲ್‌ಎಸ್‌ಮಾಡ್‌ನಲ್ಲಿ ಆ ಹೆಸರಿಲ್ಲ. ಈಗ ಪಿಎಲ್‌ಎಲ್ ಸಾಲುಗಳು ಮಾತ್ರ ಉಳಿದಿವೆ. ಇನ್ನೊಂದು: ಸೆಕ್ಯೂರ್ ಬೂಟ್ ಆಫ್ ಮಾಡಬೇಕು ಅಂತ ಒಬ್ಬರು ಹೇಳಿದ್ರು. ಮಾಡ್ಲಾ?

ಎಂಸಿಸಿ_ಬ್ಲಾಕ್

ಬೇಡ. ಸೆಕ್ಯೂರ್ ಬೂಟ್ ತಡೆಯೋದು ಸಹಿ ಇಲ್ಲದ ಕರ್ನಲ್ ಮಾಡ್ಯೂಲ್‌ಗಳನ್ನ. ಡಾಂಗಲ್ ಓಡಿಸೋ ಲೈಬ್ರರಿ ಲಿಬ್‌ಆರ್‌ಟಿಎಲ್‌ಎಸ್‌ಡಿಆರ್ ಕರ್ನಲ್ ಒಳಗೆ ಹೋಗೋದೇ ಇಲ್ಲ, ಲಿಬ್‌ಯುಎಸ್‌ಬಿ ಮೇಲೆ ಕೂತು ಬಳಕೆದಾರರ ಕಡೆಯಿಂದಲೇ ಕೆಲಸ ಮಾಡ್ತದೆ. ಆನ್ ಇದ್ದದ್ದು ಆನ್ ಇರಲಿ.

ಜೋಗಿಮಟ್ಟಿ

ಈಗ ನಾಲ್ಕನೇ ಮೆಟ್ಟಿಲು, ನಿಮ್ಮ ನಿಜವಾದ ತೊಂದರೆ. ಹೆಚ್ಚಿನ ಹಳೇ ಡಾಂಗಲ್‌ಗಳಲ್ಲಿ, ವಿ3 ಸೇರಿ, ಟ್ಯೂನರ್ ಆರ್820ಟಿ ಅಥವಾ ಆರ್820ಟಿ2. ವಿ4ರಲ್ಲಿ ಇರೋದು ಆರ್828ಡಿ. ಅದಕ್ಕೆ ಮೂರು ಪ್ರತ್ಯೇಕ ಇನ್‌ಪುಟ್: ಒಂದು 28.8 ಮೆಗಾಹರ್ಟ್ಸ್‌ಗಿಂತ ಕೆಳಗೆ, ಒಂದು ಅಲ್ಲಿಂದ ಸುಮಾರು 250ರವರೆಗೆ, ಇನ್ನೊಂದು ಅದರ ಮೇಲೆ. ಯಾವ ಆವರ್ತನಕ್ಕೆ ಯಾವ ಬಾಗಿಲು ತೆರೀಬೇಕು ಅಂತ ಡ್ರೈವರ್ ಹೇಳಬೇಕು. ಉಬುಂಟು 22.04, ಡೆಬಿಯನ್ 12 ಎರಡರ ಪ್ಯಾಕೇಜ್‌ನಲ್ಲಿರೋದು ಆ ಲೈಬ್ರರಿಯ 0.6 ಆವೃತ್ತಿ. ಅದು ವಿ4 ಬರೋಕ್ಕಿಂತ ಹಳೇದು, ಈ ಬಾಗಿಲುಗಳ ವಿಷಯ ಅದಕ್ಕೆ ಗೊತ್ತಿಲ್ಲ. ಅದಕ್ಕೇ ವಾಟರ್‌ಫಾಲ್ ಓಡ್ತದೆ, ಸ್ಟೇಷನ್ ಬರಲ್ಲ.

(ವಿ3 ಇರೋರಿಗೆ: ಆರ್‌ಟಿಎಲ್_ಟೆಸ್ಟ್ ಶುರುವಲ್ಲಿ ಪಿಎಲ್‌ಎಲ್ ಸಾಲು ಒಮ್ಮೆ ಬಂದು ಹೋದ್ರೆ ಚಿಂತೆ ಬೇಡ.)

ಬೇಕಾಗಿರೋದು ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್‌ನವರು ಗಿಟ್‌ಹಬ್‌ನಲ್ಲಿ ಇಟ್ಟಿರೋ ಡ್ರೈವರ್. ಇದನ್ನ ಹಾಕೋಕೆ ಎರಡು ದಾರಿ ಇವೆ. ಅಂತರ್ಜಾಲದಲ್ಲಿ ಎಲ್ಲರೂ ಹೇಳೋದು: ಹಳೇ ಲಿಬ್‌ಆರ್‌ಟಿಎಲ್‌ಎಸ್‌ಡಿಆರ್ ಪರ್ಜ್ ಮಾಡಿ (ಪೂರ್ತಿ ತೆಗೆದು), ಉಳಿದ ಫೈಲ್ ಕೈಯಲ್ಲಿ ಅಳಿಸಿ, ಸಿಮೇಕ್, ಮೇಕ್, ಸುಡೋ ಮೇಕ್ ಇನ್‌ಸ್ಟಾಲ್, ಸುಡೋ ಎಲ್‌ಡಿಕಾನ್ಫಿಗ್. ಇದು ನಡೀತದೆ. ಆದ್ರೆ ಪರ್ಜ್ ಮಾಡಿದ ಕೂಡಲೇ ಆ ಲೈಬ್ರರಿ ನಂಬಿಕೊಂಡ ಜಿಕ್ಯೂಆರ್‌ಎಕ್ಸ್, ಜಿಆರ್-ಆಸ್ಮೋಎಸ್‌ಡಿಆರ್ ಕೂಡ ಹೋಗ್ತವೆ. ಜಿಕ್ಯೂಆರ್‌ಎಕ್ಸ್ ಮತ್ತೆ ಆಪ್ಟ್‌ನಿಂದ ತಂದ್ರೆ ಹಳೇ 0.6 ಅದರ ಬೆನ್ನಿಗೆ ಬರ್ತದೆ. ಆಗ ಒಂದೇ ಹೆಸರಿನ ಎರಡು ಲೈಬ್ರರಿ ಸಿಸ್ಟಮ್‌ನಲ್ಲಿ.

ಇದಕ್ಕಿಂತ ಒಳ್ಳೇದು ಡೆಬ್ ಪ್ಯಾಕೇಜ್ ಮಾಡಿ ಹಾಕೋದು:

1. ಸುಡೋ ಆಪ್ಟ್ ಇನ್‌ಸ್ಟಾಲ್: ಲಿಬ್‌ಯುಎಸ್‌ಬಿ-1.0-0-ಡೆವ್, ಗಿಟ್, ಸಿಮೇಕ್, ಪಿಕೆಜಿ-ಕಾನ್ಫಿಗ್, ಬಿಲ್ಡ್-ಎಸೆನ್ಷಿಯಲ್, ಡೆಬ್‌ಹೆಲ್ಪರ್.
2. ಗಿಟ್ ಕ್ಲೋನ್‌ನಿಂದ ಆರ್‌ಟಿಎಲ್-ಎಸ್‌ಡಿಆರ್-ಬ್ಲಾಗ್ ಇಳಿಸಿ ಆ ಫೋಲ್ಡರ್ ಒಳಗೆ ಹೋಗಿ.
3. ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ -ಬಿ --ನೋ-ಸೈನ್.
4. ಒಂದು ಫೋಲ್ಡರ್ ಮೇಲೆ ಬನ್ನಿ. ಡೆಬ್ ಫೈಲ್‌ಗಳು ಅಲ್ಲಿರ್ತವೆ. ಲಿಬ್‌ಆರ್‌ಟಿಎಲ್‌ಎಸ್‌ಡಿಆರ್0, ಲಿಬ್‌ಆರ್‌ಟಿಎಲ್‌ಎಸ್‌ಡಿಆರ್-ಡೆವ್, ಆರ್‌ಟಿಎಲ್-ಎಸ್‌ಡಿಆರ್, ಇದೇ ಕ್ರಮದಲ್ಲಿ ಸುಡೋ ಡಿಪಿಕೆಜಿ -ಐ.
5. ಸುಡೋ ಆಪ್ಟ್-ಮಾರ್ಕ್ ಹೋಲ್ಡ್ ಅಂತ ಆ ಮೂರೂ ಹೆಸರು ಕೊಡಿ. ಇದು ಬಿಟ್ಟರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಹಳೇದು ಇದರ ಮೇಲೆ ಬಂದು ಕೂರಬಹುದು.

ಹೀಗೆ ಮಾಡಿದ್ರೆ 22.04ರಲ್ಲಿ ಹಳೇ ಪ್ಯಾಕೇಜ್ ಜಾಗಕ್ಕೇ ಹೊಸದು ಕೂರ್ತದೆ. ಜಿಕ್ಯೂಆರ್‌ಎಕ್ಸ್ ಇದ್ದಲ್ಲೇ ಇರ್ತದೆ, ಒಂದೇ ಲೈಬ್ರರಿ ಇರ್ತದೆ. ಆಮೇಲೆ ಆರ್‌ಟಿಎಲ್_ಟೆಸ್ಟ್ ಕೊಟ್ಟಾಗ "ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್ ವಿ4 ಡಿಟೆಕ್ಟೆಡ್" ಅನ್ನೋ ಸಾಲು ಬರಬೇಕು. ಆ ಸಾಲು ಬಂದ್ರೆ ಮಾತ್ರ ಮುಂದಕ್ಕೆ ಹೋಗಿ.

ಹರಿಹರ_ಸೇತುವೆ

ರಾಸ್‌ಬೆರಿ ಪೈ ಇಟ್ಟುಕೊಂಡೋರು ಈ ಎರಡು ಲೈಬ್ರರಿ ವಿಷಯವನ್ನ ಸರಿಯಾಗಿ ಗಮನಿಸಿ. ಅಲ್ಲಿ ಅದು ಇನ್ನೂ ಕೆಟ್ಟದಾಗಿ ಕಾಡ್ತದೆ, ಕಾರಣ ಸ್ಪಷ್ಟ ಇದೆ.

ಮೇಕ್ ಇನ್‌ಸ್ಟಾಲ್ ಹೊಸ ಲೈಬ್ರರಿಯನ್ನ /ಯುಎಸ್‌ಆರ್/ಲೋಕಲ್/ಲಿಬ್ ಒಳಗೆ ಇಡ್ತದೆ. ಯಾವ ಫೋಲ್ಡರ್ ಮೊದಲು ಹುಡುಕಬೇಕು ಅನ್ನೋದನ್ನ /ಇಟಿಸಿ/ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಒಳಗಿನ ಫೈಲ್‌ಗಳು ಹೇಳ್ತವೆ, ಅವನ್ನ ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಓದ್ತದೆ. ಲೋಕಲ್ ಫೋಲ್ಡರ್ ಹೆಸರಿರೋದು ಲಿಬ್‌ಸಿ.ಕಾನ್ಫ್‌ನಲ್ಲಿ. ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಪ್ಯಾಕೇಜ್ ಫೋಲ್ಡರ್ ಹೆಸರಿರೋ ಫೈಲ್ "ಎಕ್ಸ್86" ಅಂತ ಶುರುವಾಗ್ತದೆ. "ಎಲ್" ಮುಂಚೆ, "ಎಕ್ಸ್" ಆಮೇಲೆ, ಹಾಗಾಗಿ ಲೋಕಲ್ ಗೆಲ್ತದೆ. ಪೈನಲ್ಲಿ ಆ ಫೈಲ್ "ಎಆರ್ಚ್64" ಅಥವಾ "ಆರ್ಮ್" ಅಂತ, ಎರಡೂ "ಎ" ಅಕ್ಷರದಿಂದ. ಅಲ್ಲಿ ಪ್ಯಾಕೇಜಿನ ಹಳೇ ಲೈಬ್ರರಿಯೇ ಗೆಲ್ತದೆ. ಬಿಲ್ಡ್ ಎಲ್ಲಾ ಸರಿಯಾಗಿ ಆಗಿರ್ತದೆ, ಎಲ್ಲೂ ಎರರ್ ಇರಲ್ಲ, ಆದ್ರೂ ಪಿಎಲ್‌ಎಲ್ ಸಾಲು ಹೋಗಲ್ಲ.

ಪರೀಕ್ಷೆ ಸುಲಭ. ಎಲ್‌ಡಿಡಿಗೆ ಆರ್‌ಟಿಎಲ್_ಟೆಸ್ಟ್‌ನ ಪೂರ್ತಿ ದಾರಿ ಕೊಟ್ಟು ಗ್ರೆಪ್‌ನಲ್ಲಿ ಆರ್‌ಟಿಎಲ್‌ಎಸ್‌ಡಿಆರ್ ಹುಡುಕಿ. ಬಾಣದ ಗುರುತಿನ ಮುಂದೆ ಇರೋ ದಾರಿಯೇ ಅದು ನಿಜವಾಗಿ ತೆರೆಯೋ ಲೈಬ್ರರಿ. ಜಿಕ್ಯೂಆರ್‌ಎಕ್ಸ್ ಬಳಸೋದು ಆಸ್ಮೋಎಸ್‌ಡಿಆರ್ ಮೂಲಕ, ಆದ್ರೂ ಎಲ್‌ಡಿಡಿ ಒಳಗಿನವನ್ನೂ ತೋರಿಸ್ತದೆ, ಅದಕ್ಕೂ ಒಮ್ಮೆ ಕೊಟ್ಟು ನೋಡಿ. .ಎಸ್‌ಒ ಮುಂದಿನ ಅಂಕಿ ಕೂಡ ನೋಡಿ. ಆಪ್ ಕೇಳೋದು .ಎಸ್‌ಒ.2 ಆಗಿದ್ದು ನೀವು ಬಿಲ್ಡ್ ಮಾಡಿದ್ದು .ಎಸ್‌ಒ.0 ಆಗಿದ್ರೆ, ಅದು ನಿಮ್ಮದನ್ನ ತಿರುಗಿಯೂ ನೋಡಲ್ಲ.

ಎಂಸಿಸಿ_ಬ್ಲಾಕ್

ಹರಿಹರದವರ ಈ ವಿವರಣೆ ಪಿನ್ ಮಾಡಿ ಇಡಬೇಕು. ಇದರ ಜೊತೆಗೆ: ಫ್ಲ್ಯಾಟ್‌ಪ್ಯಾಕ್, ಆಪ್‌ಇಮೇಜ್ ರೂಪದ ಆಪ್‌ಗಳು ತಮ್ಮದೇ ಲೈಬ್ರರಿ ಒಳಗೆ ಇಟ್ಕೊಂಡು ಬರ್ತವೆ. ಸಿಸ್ಟಮ್‌ನಲ್ಲಿ ನೀವು ಎಷ್ಟೇ ಚೆನ್ನಾಗಿ ಡ್ರೈವರ್ ಕೂರಿಸಿದ್ರೂ ಅವಕ್ಕೆ ಲೆಕ್ಕಕ್ಕಿಲ್ಲ. ಟರ್ಮಿನಲ್‌ನಲ್ಲಿ ಸರಿ, ಆಪ್‌ನಲ್ಲಿ ತಪ್ಪು ಅಂದ್ರೆ ಮೊದಲು ಇದನ್ನ ಅನುಮಾನಿಸಿ.

ಕುಂದವಾಡ_ಕೆರೆ

ಡೆಬ್ ದಾರಿಯಲ್ಲೇ ಹೋದೆ. "ವಿ4 ಡಿಟೆಕ್ಟೆಡ್" ಬಂತು! ಪಿಎಲ್‌ಎಲ್ ಸಾಲು ಮಾಯ. ಆದ್ರೆ ಸುಡೋ ಹಾಕಿದ್ರೆ ಮಾತ್ರ. ಸುಡೋ ಇಲ್ಲದೆ "ಯುಎಸ್‌ಬಿ_ಓಪನ್ ಎರರ್ -3". ಜಿಕ್ಯೂಆರ್‌ಎಕ್ಸ್ ಕೂಡ ಸುಡೋದಲ್ಲೇ ಓಡಿಸಿಬಿಡ್ಲಾ?

ಜೋಗಿಮಟ್ಟಿ

ಖಂಡಿತ ಬೇಡ. ಸುಡೋದಲ್ಲಿ ಓಡಿಸಿದ್ರೆ ಸೆಟ್ಟಿಂಗ್ ಫೈಲ್ ರೂಟ್ ಹೆಸರಲ್ಲಿ ಬರೀತದೆ, ಧ್ವನಿ ನಿಮ್ಮ ಪಲ್ಸ್‌ಆಡಿಯೋಗೆ ಸಿಗಲ್ಲ, ಆಮೇಲೆ ಅದೇ ಹೊಸ ತಲೆನೋವು.

ಇದು ಮೂರನೇ ಮೆಟ್ಟಿಲು. ಸೋರ್ಸ್ ಫೋಲ್ಡರ್‌ನಲ್ಲಿ ಆರ್‌ಟಿಎಲ್-ಎಸ್‌ಡಿಆರ್.ರೂಲ್ಸ್ ಅನ್ನೋ ಫೈಲ್ ಇದೆ, ಡಾಂಗಲ್ ಯಾರು ತೆರೀಬಹುದು ಅಂತ ಹೇಳೋದು ಅದೇ. ಅದನ್ನ /ಇಟಿಸಿ/ಯುಡೆವ್/ರೂಲ್ಸ್.ಡಿ/ ಒಳಗೆ 60-ಆರ್‌ಟಿಎಲ್-ಎಸ್‌ಡಿಆರ್.ರೂಲ್ಸ್ ಅಂತ ಹೆಸರಿಟ್ಟು ಕಾಪಿ ಮಾಡಿ. ಸುಡೋ ಯುಡೆವ್‌ಎಡಿಎಂ ಕಂಟ್ರೋಲ್ --ರೀಲೋಡ್-ರೂಲ್ಸ್, ಆಮೇಲೆ ಸುಡೋ ಯುಡೆವ್‌ಎಡಿಎಂ ಟ್ರಿಗರ್. ಡಾಂಗಲ್ ಕಿತ್ತು ಚುಚ್ಚಿ.

ರೂಲ್ಸ್ ಫೈಲ್ ತೆರೆದು 2838 ಇರೋ ಸಾಲು ಓದಿ. ಗ್ರೂಪ್ ಪ್ಲಗ್‌ಡೆವ್ ಅಂತಿದ್ರೆ ಗ್ರೂಪ್ಸ್ ಅನ್ನೋ ಆದೇಶ ಕೊಟ್ಟು ನೀವು ಅದರಲ್ಲಿದೀರಾ ನೋಡಿ. ಇಲ್ಲದಿದ್ರೆ ಸುಡೋ ಯೂಸರ್‌ಮಾಡ್ -ಎಜಿ (ಎ ಚಿಕ್ಕಕ್ಷರ, ಜಿ ದೊಡ್ಡಕ್ಷರ) ಪ್ಲಗ್‌ಡೆವ್, ಮುಂದೆ ನಿಮ್ಮ ಯೂಸರ್ ಹೆಸರು. ಲಾಗ್ಔಟ್ ಆಗಿ ಬರೋವರೆಗೆ ಅದು ಜಾರಿಗೆ ಬರಲ್ಲ, ಟರ್ಮಿನಲ್ ಮುಚ್ಚಿ ತೆರೆದ್ರೆ ಸಾಲದು.

ಹರಿಹರ_ಸೇತುವೆ

ಫೈಲ್ ಹೆಸರಿನ ಮುಂದಿನ 60 ಸುಮ್ಮನೆ ಹಾಕೋದಲ್ಲ. ಕೆಲವು ರೂಲ್ಸ್ ಫೈಲ್‌ಗಳಲ್ಲಿ ಗ್ರೂಪ್ ಬದಲು ಯುಆಕ್ಸೆಸ್ ಅನ್ನೋ ಟ್ಯಾಗ್ ಇರ್ತದೆ. ಅಂದ್ರೆ ಪರದೆ ಮುಂದೆ ಲಾಗಿನ್ ಆಗಿರೋರಿಗೆ ಅನುಮತಿ. ಆ ಟ್ಯಾಗ್ ಓದಿ ಅನುಮತಿ ಕೊಡೋ ಕೆಲಸ 73ನೇ ನಂಬರಿನ ರೂಲ್‌ನಲ್ಲಿ ನಡೀತದೆ. ನಿಮ್ಮ ಫೈಲ್ ಅದಕ್ಕಿಂತ ಮುಂಚೆ ಬರಬೇಕು. ನಂಬರ್ ಇಲ್ಲದ ಹೆಸರು ಅಂಕಿಗಳೆಲ್ಲಾ ಮುಗಿದ ಮೇಲೆ ಬರ್ತದೆ, ಟ್ಯಾಗ್ ಕೆಲಸಕ್ಕೆ ಬರಲ್ಲ.

ಎಸ್‌ಎಸ್‌ಎಚ್‌ನಿಂದ ಪೈಗೆ ಲಾಗಿನ್ ಆಗೋರಿಗೆ ಯುಆಕ್ಸೆಸ್ ನಡೆಯೋದೇ ಇಲ್ಲ, ಅವರು ಪರದೆ ಮುಂದೆ ಇಲ್ಲವಲ್ಲ. ಅಲ್ಲಿ ಗ್ರೂಪ್ ದಾರಿಯೇ ಬೇಕು.

ಕುಂದವಾಡ_ಕೆರೆ

ಸುಡೋ ಇಲ್ಲದೆ ತೆರೀತು. ಗ್ರೂಪ್‌ನಲ್ಲಿ ನನ್ನ ಹೆಸರಿರಲಿಲ್ಲ. ಈಗ ಜಿಕ್ಯೂಆರ್‌ಎಕ್ಸ್‌ಗೆ ಹೋಗ್ಲಾ?

ಜೋಗಿಮಟ್ಟಿ

ಇನ್ನೊಂದು ನಿಮಿಷ. ಮೊದಲು ಟರ್ಮಿನಲ್‌ನಲ್ಲೇ ರೇಡಿಯೋ ಕೇಳಿ:

ಆರ್‌ಟಿಎಲ್_ಎಫ್‌ಎಂ -ಎಫ್ 102.6ಎಂ -ಎಂ ಡಬ್ಲ್ಯೂಬಿಎಫ್‌ಎಂ

(102.6ರ ಪಕ್ಕದ ಎಂ, ಆಮೇಲಿನ -ಎಂ ಎರಡೂ ದೊಡ್ಡಕ್ಷರ.) ಇದರ ಮುಂದೆ ಪೈಪ್ ಗುರುತು (|), ಅದರ ಮುಂದೆ ಧ್ವನಿ ನುಡಿಸೋ ಆದೇಶ ಎಪ್ಲೇ -ಆರ್ 32000 -ಎಫ್ ಎಸ್16_ಎಲ್‌ಇ -ಟಿ ರಾ -ಸಿ 1. ಈ ವಿಧಾನದಲ್ಲಿ ಆರ್‌ಟಿಎಲ್_ಎಫ್‌ಎಂ ಧ್ವನಿಯನ್ನ ಸೆಕೆಂಡಿಗೆ 32,000 ಮಾದರಿಯಲ್ಲಿ ಕೊಡ್ತದೆ. ಎಪ್ಲೇಗೂ ಅದೇ ಅಂಕಿ ಕೊಡಬೇಕು. 48000 ಕೊಟ್ಟರೆ ವಾರ್ತೆ ಓದೋರ ದನಿ ಕೀಚಲಾಗಿ ಓಡ್ತದೆ. ಇಲ್ಲಿ ಕೇಳಿಸಿದ್ರೆ ನಾಲ್ಕೂ ಮೆಟ್ಟಿಲು ಸರಿ ಅಂತ ಅರ್ಥ, ಮುಂದೆ ಏನೇ ಬಂದ್ರೂ ಆಪ್‌ದು.

ಆಂಟೆನಾ ಅಳತೆಯೂ ಸರಿ ಮಾಡಿ. 7125ನ್ನ ಮೆಗಾಹರ್ಟ್ಸ್‌ನಿಂದ ಭಾಗಿಸಿದ್ರೆ ಒಂದೊಂದು ಕೈಯ ಉದ್ದ ಸೆಂಟಿಮೀಟರ್‌ನಲ್ಲಿ ಬರ್ತದೆ. 102.6ಕ್ಕೆ ಸುಮಾರು 69. ಡಬ್ಬಿಯಲ್ಲಿ ಬಂದ ಎರಡು ಜೋಡಿಯಲ್ಲಿ ಉದ್ದನೇದು ಬೇಕು, ಅದು 23 ಸೆಂಟಿಮೀಟರ್‌ನಿಂದ 1 ಮೀಟರ್‌ವರೆಗೆ ಎಳೀತದೆ. ಚಿಕ್ಕದು 5ರಿಂದ 13 ಮಾತ್ರ. ದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ 60 ಕಿಲೋಮೀಟರ್ ಹತ್ರ ಇದೆ. ಆರ್‌ಸಿಸಿ ಮನೆಯ ಒಳಕೋಣೆಯಲ್ಲಿ ಕೂತು ಸಿಗಲಿಲ್ಲ ಅಂತ ಡ್ರೈವರ್ ಬೈಯೋ ಮುಂಚೆ ಮಾಳಿಗೆ ಮೇಲೆ, ದುರ್ಗದ ಕಡೆ ಅಡ್ಡ ಇಲ್ಲದ ಜಾಗದಲ್ಲಿ ನೋಡಿ.

ಕುಂದವಾಡ_ಕೆರೆ

ಟರ್ಮಿನಲ್‌ನಲ್ಲಿ ಸ್ವಚ್ಛವಾಗಿ ಬರ್ತಿದೆ! ಮಾಳಿಗೆ ಮೇಲೆ ಆಂಟೆನಾ, 69 ಸೆಂಟಿಮೀಟರ್. ಜಿಕ್ಯೂಆರ್‌ಎಕ್ಸ್‌ನಲ್ಲಿ ಮಾತ್ರ ಸಿಗ್ನಲ್ ಗುಡ್ಡ ಎದ್ದು ಕಾಣ್ತದೆ, ಧ್ವನಿ ಇಲ್ಲ. ಇನ್ನೊಂದು, ಪರದೆ ತುಂಬಾ ಸಮಾನ ಅಂತರದಲ್ಲಿ ನೇರ ಗೆರೆಗಳು.

ಚಂದ್ರವಳ್ಳಿ

ಧ್ವನಿಗೆ: ಮೋಡ್ "ಡಬ್ಲ್ಯೂಎಫ್‌ಎಂ" ಇರಲಿ, ಬರೀ "ನ್ಯಾರೋ ಎಫ್‌ಎಂ" ಅಲ್ಲ. ಸ್ಕ್ವೆಲ್ಚ್ (ಇದಕ್ಕಿಂತ ಕ್ಷೀಣ ಸಿಗ್ನಲ್ ಬಂದ್ರೆ ಸದ್ದು ಮುಚ್ಚೋ ಮಿತಿ) ಪೂರ್ತಿ ಕೆಳಗೆ, -150ಕ್ಕೆ ಇಳಿಸಿ. ಧ್ವನಿ ಎಲ್ಲಿಗೆ ಹೋಗ್ತದೆ ಅಂತ ತೋರಿಸೋ ಪಾವುಕಂಟ್ರೋಲ್ ಹಾಕಿ ಪ್ಲೇಬ್ಯಾಕ್ ಟ್ಯಾಬ್‌ನಲ್ಲಿ ಜಿಕ್ಯೂಆರ್‌ಎಕ್ಸ್ ಯಾವ ಸ್ಪೀಕರ್‌ಗೆ ಹೋಗ್ತಿದೆ ನೋಡಿ. ಎಚ್‌ಡಿಎಂಐಗೆ ಹೋಗಿದ್ರೆ ಸದ್ದು ಎಲ್ಲಿಂದ ಬರಬೇಕು. ಅದೂ ಸರಿ ಇದ್ರೆ ಜಿಕ್ಯೂಆರ್‌ಎಕ್ಸ್ -ಆರ್ ಅಂತ ಓಡಿಸಿ, ಹಳೇ ಸೆಟ್ಟಿಂಗ್ ಅಳಿಸಿ ಹೊಸದಾಗಿ ಕೇಳ್ತದೆ. ಸಾಧನದ ಸಾಲಿನಲ್ಲಿ ಆರ್‌ಟಿಎಲ್=0, ಸ್ಯಾಂಪಲ್ ರೇಟ್ 2400000.

3200000 ಆಯ್ಕೆ ಮಾಡೋ ಆಸೆ ಬೇಡ. ಒಂದೊಂದು ಮಾದರಿಗೆ 2 ಬೈಟ್, 2.4 ಮಿಲಿಯನ್‌ಗೆ ಸೆಕೆಂಡಿಗೆ 4.8 ಮೆಗಾಬೈಟ್ ಯುಎಸ್‌ಬಿ ಮೂಲಕ ಬರ್ತದೆ. ಅದಕ್ಕಿಂತ ಮೇಲೆ ಹೋದ್ರೆ ಮಾದರಿಗಳು ಉದುರೋದು ಶುರು. ಆರ್‌ಟಿಎಲ್_ಟೆಸ್ಟ್ ಶುರುವಾದಾಗ "ಲಾಸ್ಟ್ ಅಟ್ ಲೀಸ್ಟ್" ಅಂತ ಒಂದು ಸಾಲು ಬಂದು ನಿಂತ್ರೆ ಪರವಾಗಿಲ್ಲ. ಬಿಡದೆ ಬರ್ತಿದ್ರೆ ರೇಟ್ ಇಳಿಸಿ, ಇಲ್ಲ ಪೋರ್ಟ್ ಬದಲಿಸಿ. ವರ್ಚುವಲ್‌ಬಾಕ್ಸ್ ಒಳಗೆ ಓಡಿಸೋರಿಗೆ ಇದು ಸಾಮಾನ್ಯ. ಅವರಿಗೆ ಪೆನ್‌ಡ್ರೈವ್‌ನಿಂದ ನೇರ ಲಿನಕ್ಸ್ ಬೂಟ್ ಮಾಡೋದೇ ವಾಸಿ. ಎಸ್‌ಡಿಆರ್ ಆಪ್‌ಗಳನ್ನ ಮೊದಲೇ ತುಂಬಿಸಿಟ್ಟ ಡ್ರ್ಯಾಗನ್‌ಒಎಸ್ ಅದಕ್ಕೆ ಚೆನ್ನಾಗಿದೆ.

ತುರುವನೂರು

ಸಮಾನ ಅಂತರದ ಗೆರೆಗಳು ಸ್ಟೇಷನ್ ಅಲ್ಲ, ಸ್ವಿಚಿಂಗ್ ಪವರ್ ಸಪ್ಲೈ ಗದ್ದಲ. ಹುಡುಕೋ ಕ್ರಮ ಇದು. ವಾಟರ್‌ಫಾಲ್ ಓಡ್ತಿರುವಾಗಲೇ ಲ್ಯಾಪ್‌ಟಾಪ್ ಅಡಾಪ್ಟರ್ ಕಿತ್ತು ಬ್ಯಾಟರಿಯಲ್ಲಿ ಬಿಡಿ. ಗೆರೆ ಹೋದ್ರೆ ಅಡಾಪ್ಟರ್‌ದು. ಹೋಗದಿದ್ರೆ ಒಂದೊಂದೇ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ವೈಫೈ ಬಾಕ್ಸ್ ಆರಿಸ್ತಾ ಬನ್ನಿ, ಕೊನೆಗೆ ಮೇನ್ ಸ್ವಿಚ್. ಮನೆ ಯುಪಿಎಸ್ ಇದ್ರೆ ಮೇನ್ ಆರಿಸಿದ ಕೂಡಲೇ ಅದು ಇನ್ವರ್ಟರ್‌ಗೆ ತಿರುಗಿ ಗದ್ದಲ ಹೆಚ್ಚಾಗಬಹುದು, ಅದನ್ನೂ ಆರಿಸಿಯೇ ತೀರ್ಮಾನಕ್ಕೆ ಬರಬೇಕು. ನಮ್ಮ ಕಡೆ ತೋಟಗಳಲ್ಲಿ ಬೋರ್‌ವೆಲ್‌ಗೆ ಸೋಲಾರ್ ಡ್ರೈವ್ ಹಾಕಿರೋ ಜಾಗದಲ್ಲಿ ಬಿಸಿಲಿರೋ ಹೊತ್ತು ಮಧ್ಯಮ ತರಂಗ ಪೂರ್ತಿ ಮುಚ್ಚಿಹೋಗಬಹುದು. ಸಂಜೆ ಪಂಪ್ ನಿಂತ ಮೇಲೆ ತೆರೆದ್ರೆ ಅದೇ ಕಾರಣ ಅಂತ ತಿಳೀತದೆ.

ಡಾಂಗಲ್ ಲ್ಯಾಪ್‌ಟಾಪ್‌ಗೆ ಅಂಟಿ ಕೂರೋದು ಬೇಡ. ಫೆರೈಟ್ ಇರೋ 1–2 ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ದೂರ ಇಡಿ. ಪಕ್ಕದ ಪೋರ್ಟ್‌ನಲ್ಲಿ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಇದ್ರೆ ಕಿತ್ತಿಡಿ.

ಕುಂದವಾಡ_ಕೆರೆ

ಅಡಾಪ್ಟರ್‌ದೇ. ಕಿತ್ತ ತಕ್ಷಣ ಗೆರೆ ಮಾಯ. ಧ್ವನಿ ಎಚ್‌ಡಿಎಂಐ ಕಡೆ ಹೋಗಿತ್ತು, ಅದೂ ಸರಿಯಾಯ್ತು. ಇನ್ನು ಗೇನ್ (ಸಿಗ್ನಲ್ ಹಿಗ್ಗಿಸೋ ಮಟ್ಟ) ಎಷ್ಟಿಡಬೇಕು?

ಜೋಗಿಮಟ್ಟಿ

ನಿಮ್ಮ ಊರಲ್ಲಿ ಮತ್ತು ನಮ್ಮ ಊರಲ್ಲಿ ಉತ್ತರ ಬೇರೆ. ಹಾರ್ಡ್‌ವೇರ್ ಎಜಿಸಿ (ಗೇನ್ ತಾನೇ ಬದಲಿಸೋ ಆಯ್ಕೆ) ಆಫ್ ಮಾಡಿ. ಗೇನ್ 0ರಿಂದ 49.6 ಡಿಬಿವರೆಗೆ ಹಂತ ಹಂತವಾಗಿ ಸಿಗ್ತದೆ. ಒಂದೊಂದೇ ಹಂತ ಏರಿಸಿ: ಸಿಗ್ನಲ್ ಏರ್ತಾ ತಳದ ಹುಲ್ಲು (ಗದ್ದಲದ ಮಟ್ಟ) ಇದ್ದಲ್ಲೇ ಇದ್ರೆ ಲಾಭ, ಎರಡೂ ಜೊತೆಗೆ ಏರೋಕೆ ಶುರುವಾದ್ರೆ ಅಲ್ಲೇ ನಿಲ್ಲಿ. ದಾವಣಗೆರೆಯಲ್ಲಿ 102.6ಕ್ಕೆ 30–40 ತನಕ ಹೋಗಬಹುದು. ಚಿತ್ರದುರ್ಗ ಊರೊಳಗೆ ಅಷ್ಟಿಟ್ಟರೆ ಟ್ಯೂನರ್ ತುಂಬಿ ಹರಿದು, ಇಲ್ಲದ ಆವರ್ತನಗಳಲ್ಲೆಲ್ಲಾ ಆಕಾಶವಾಣಿಯ ನೆರಳು ಕಾಣ್ತದೆ. 15ರ ಆಸುಪಾಸು ಸಾಕು. ಊರೊಳಗೆ ಕೂತು ಬೇರೆ ಬ್ಯಾಂಡ್ ಕೇಳೋರು 88–108 ತಡೆಯೋ ಎಫ್‌ಎಂ ಫಿಲ್ಟರ್ ಆಂಟೆನಾ ಮತ್ತು ಡಾಂಗಲ್ ನಡುವೆ ಹಾಕಲೇಬೇಕು.

ಪಿಪಿಎಂ (ಆವರ್ತನ ಹತ್ತು ಲಕ್ಷಕ್ಕೆ ಎಷ್ಟು ತಪ್ಪಿದೆ ಅನ್ನೋದು) ತಿದ್ದುಪಡಿ 0 ಇರಲಿ. ವಿ4ರ ಆಂದೋಲಕ 1 ಪಿಪಿಎಂ. ಅಗ್ಗದ ಡಾಂಗಲ್‌ನಲ್ಲಿ 50 ಪಿಪಿಎಂ ತಪ್ಪಿದ್ರೂ 102.6ರಲ್ಲಿ 5 ಕಿಲೋಹರ್ಟ್ಸ್ ಅಷ್ಟೇ ಸರೀತದೆ, 200 ಕಿಲೋಹರ್ಟ್ಸ್ ಅಗಲದ ಎಫ್‌ಎಂಗೆ ಅದು ಗೊತ್ತಾಗಲ್ಲ. ಎಫ್‌ಎಂ ಬರ್ತಿಲ್ಲ ಅಂತ ಪಿಪಿಎಂ ತಿರುಗಿಸೋದು ಸಮಯ ಹಾಳು.

ಹೊಳಲ್ಕೆರೆ_ರಸ್ತೆ

ಇದೇ ಎಳೆಯಲ್ಲಿ ಕೇಳ್ತೀನಿ. ನಂದು ಹಳೇ ನೀಲಿ ಡಾಂಗಲ್, ಲಿನಕ್ಸ್ ಮಿಂಟ್. ಎಫ್‌ಎಂ ಬರ್ತದೆ. 1090 ಮೆಗಾಹರ್ಟ್ಸ್‌ನಲ್ಲಿ ವಿಮಾನಗಳ ಸಂಕೇತ ಒಂದೂ ಕಾಣಲ್ಲ. 137ರಲ್ಲಿ ಅಮೆರಿಕದ ನೋವಾ ಹವಾಮಾನ ಉಪಗ್ರಹದ ಚಿತ್ರವೂ ಇಲ್ಲ. ಇನ್‌ಸ್ಟಾಲ್ ಅರ್ಧಂಬರ್ಧ ಆಗಿದೆಯಾ?

ಹರಿಹರ_ಸೇತುವೆ

ಇನ್‌ಸ್ಟಾಲ್ ಸರಿ ಇದೆ. ಎರಡಕ್ಕೂ ಕಾರಣ ಬೇರೆ.

ಆರ್‌ಟಿಎಲ್_ಟೆಸ್ಟ್‌ನಲ್ಲಿ ಟ್ಯೂನರ್ ಹೆಸರು ಓದಿ. "ಎಫ್‌ಸಿ0012" ಅಂತಿದ್ರೆ ಅದು ಮುಟ್ಟೋದು ಸುಮಾರು 948 ಮೆಗಾಹರ್ಟ್ಸ್‌ವರೆಗೆ ಮಾತ್ರ. 1090 ಅದಕ್ಕೆ ಎಟುಕೋದೇ ಇಲ್ಲ, ಯಾವ ಡ್ರೈವರ್ ಹಾಕಿದ್ರೂ ಇಲ್ಲ. ಆರ್820ಟಿ ಆಗಿದ್ರೆ ಚಿಕ್ಕ ಜೋಡಿ ಆಂಟೆನಾ ಹಾಕಿ, ಒಂದೊಂದು ಕೈ 6.5 ಸೆಂಟಿಮೀಟರ್, ನೆಟ್ಟಗೆ ನಿಲ್ಲಿಸಿ, ಆಕಾಶ ಕಾಣೋ ಜಾಗದಲ್ಲಿ.

ನೋವಾ ವಿಷಯಕ್ಕೆ ಬಂದ್ರೆ, ನೋವಾ-18 2025ರ ಜೂನ್‌ನಲ್ಲಿ, 19 ಮತ್ತು 15 ಅದೇ ವರ್ಷ ಆಗಸ್ಟ್‌ನಲ್ಲಿ ಸೇವೆಯಿಂದ ನಿಂತವು. ಅಂತರ್ಜಾಲದ ಹಳೇ ಪಾಠಗಳು ಇನ್ನೂ ಅವನ್ನೇ ಹೇಳ್ತವೆ, ಕಲಿಯೋರು ತಮ್ಮ ಸೆಟ್ಟಿಂಗ್ ಮೇಲೆ ಅನುಮಾನಪಟ್ಟು ಒದ್ದಾಡ್ತಾರೆ. ಈಗ ಹಿಡೀಬೇಕಾದ್ದು ರಷ್ಯಾದ ಮೀಟಿಯರ್-ಎಂ ಎನ್2-3 ಮತ್ತು ಎನ್2-4. ಆವರ್ತನ 137.9 ಅಥವಾ 137.1, ಎಲ್‌ಆರ್‌ಪಿಟಿ ಅನ್ನೋ ಡಿಜಿಟಲ್ ಚಿತ್ರ ಪ್ರಸಾರ. ಅದನ್ನ ಚಿತ್ರ ಮಾಡೋ ಸ್ಯಾಟ್‌ಡಂಪ್ ಆಪ್ ಹಾಕಿ, ಮೀಟಿಯರ್ ಎಲ್‌ಆರ್‌ಪಿಟಿ 72ಕೆ ಆರಿಸಿ. ಡೈಪೋಲ್ ಕೈಗಳು 53.4 ಸೆಂಟಿಮೀಟರ್, ನಡುವೆ 120 ಡಿಗ್ರಿ, ನೆಲಕ್ಕೆ ಸಮಾನಾಂತರ, ವಿ ಆಕಾರದ ಬಾಯಿ ಉತ್ತರ ಇಲ್ಲವೇ ದಕ್ಷಿಣಕ್ಕೆ. ಇಲ್ಲಿ 50 ಪಿಪಿಎಂ ತಪ್ಪು ಲೆಕ್ಕಕ್ಕೆ ಬರ್ತದೆ, ಹಳೇ ಡಾಂಗಲ್‌ನಲ್ಲಿ ಆರ್‌ಟಿಎಲ್_ಟೆಸ್ಟ್ -ಪಿ ಕೊಟ್ಟು ಹತ್ತಿಪ್ಪತ್ತು ನಿಮಿಷ ಬಿಟ್ಟು ಬಂದ ಸಂಖ್ಯೆ ಹಾಕಿ.

ಎಂಸಿಸಿ_ಬ್ಲಾಕ್

ಎರಡು ಡಾಂಗಲ್ ಒಟ್ಟಿಗೆ ಹಾಕೋರು ಆರ್‌ಟಿಎಲ್_ಈಪ್ರಾಮ್ -ಎಸ್ ಕೊಟ್ಟು ಬೇರೆ ಬೇರೆ ಸೀರಿಯಲ್ ಬರೀರಿ. ವಿ4ರಲ್ಲಿ ತಯಾರಕರ ಹೆಸರು, ಉತ್ಪನ್ನದ ಹೆಸರು ಇರೋ ಜಾಗ ಮಾತ್ರ ಮುಟ್ಟಬೇಡಿ. ಡ್ರೈವರ್ ಅದು ವಿ4 ಅಂತ ಗುರುತು ಹಿಡಿಯೋದೇ ಆ ಎರಡು ಹೆಸರಿನಿಂದ.

ಕೇಳೋ ವಿಷಯದಲ್ಲೂ ಒಂದು ಮಾತು. ಚಳ್ಳಕೆರೆ ಕಡೆ ರಕ್ಷಣಾ ಸಂಶೋಧನೆಯ ಪರೀಕ್ಷಾ ವಲಯ ಇದೆ. ಅಂಥ ಸಂವಹನ, ಪೊಲೀಸ್ ವೈರ್‌ಲೆಸ್ ಇವುಗಳ ಆವರ್ತನ ಇಲ್ಲಿ ಕೇಳಬೇಡಿ, ಹಾಕಬೇಡಿ. ಪ್ರಸಾರ ಮಾಡೋ ಆಸೆ ಇದ್ರೆ ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಡಬ್ಲ್ಯೂಪಿಸಿಯಿಂದ ಪರವಾನಗಿ ತಗೊಳ್ಳಿ.

ಕುಂದವಾಡ_ಕೆರೆ

ಕೊನೇ ಪ್ರಶ್ನೆ. ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಸ್ ಇದರಲ್ಲಿ ಸಿಗ್ತದಾ? ಡೈರೆಕ್ಟ್ ಸ್ಯಾಂಪ್ಲಿಂಗ್ ಆನ್ ಮಾಡಬೇಕು ಅಂತ ಓದಿದೆ.

ತುರುವನೂರು

ಅದು ವಿ3 ಇರೋರಿಗೆ. ಅವರು ಸಾಧನದ ಸಾಲಿನಲ್ಲಿ ಆರ್‌ಟಿಎಲ್=0,ಡೈರೆಕ್ಟ್_ಸ್ಯಾಂಪ್=2 ಅಂತ ಹಾಕಬೇಕು. ವಿ4ರಲ್ಲಿ ಒಳಗೇ 28.8 ಮೆಗಾಹರ್ಟ್ಸ್ ಅಪ್‌ಕನ್ವರ್ಟರ್ (ಕೆಳಗಿನ ಆವರ್ತನವನ್ನ ಮೇಲೇರಿಸೋದು) ಇದೆ, ಕೂಡೋ ಕಳೆಯೋ ಲೆಕ್ಕ ಡ್ರೈವರೇ ಮಾಡ್ತದೆ. ಡೈರೆಕ್ಟ್ ಸ್ಯಾಂಪ್ಲಿಂಗ್ ಹಾಕಬೇಡಿ, ಆಫ್‌ಸೆಟ್ ಕೊಡಬೇಡಿ. 675 ಕಿಲೋಹರ್ಟ್ಸ್ ಅಂತ ನೇರ ಒತ್ತಿ, ಮೋಡ್ ಎಎಂ.

ಡೈಪೋಲ್ ಸಾಲದು. 10 ಮೀಟರ್ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿ ಮಾಳಿಗೆಯಿಂದ ತೆಂಗಿನ ಮರಕ್ಕೆ ಎಳೆದು ಎಸ್‌ಎಂಎ (ಆಂಟೆನಾ ಕನೆಕ್ಟರ್) ಪಿನ್‌ನ ನಡುವಿನ ಕಡ್ಡಿಗೆ ಕೊಡಿ. ಕರೆಂಟ್ ಲೈನ್‌ನಿಂದ ದೂರ ಇರಲಿ, ಗುಡುಗು ಮಳೆ ಬರೋ ಸೂಚನೆ ಕಂಡ್ರೆ ತಂತಿ ಕಿತ್ತು ಹೊರಗೇ ಬಿಡಿ. ಹಗಲು ಹೊತ್ತಿನಲ್ಲಿ 675 ಭದ್ರಾವತಿ, 765 ಧಾರವಾಡ, 612 ಬೆಂಗಳೂರು ಈ ಮೂರನ್ನೂ ಹುಡುಕಿ. ಕತ್ತಲಾದ ಮೇಲೆ ದೂರದ ಸ್ಟೇಷನ್‌ಗಳು ಅದೇ ಜಾಗಕ್ಕೆ ಬಂದು ಬೆರೀತವೆ, ಹಾಗಾಗಿ ಮೊದಲ ಪರೀಕ್ಷೆ ಹಗಲಲ್ಲೇ ಮಾಡಿ, ಅಡಾಪ್ಟರ್ ಕಿತ್ತಿಟ್ಟು.